ಬಳಗಾನೂರಿನ ಭಾಗ್ಯ ಹೊಡೆದುಹಾಕಿದ ಒಂದು ಪದ

ಬಳಗಾನೂರಿನ ತಾಲೀಮು ಗರಡಿಯ ಮುಂದೆ ಐದು ವರ್ಷದ ಆದಪ್ಪನನ್ನು ನಿಲ್ಲಿಸಿ ದೊಡ್ಡವರು ಅವನ ಮೀನಖಂಡ ಒತ್ತಿ ನೋಡುತ್ತಿದ್ದರು. ಮೊಣಕಾಲಿನ ಹಿಂದೆ, ಕೆಳಗೆ, ಕಲ್ಲಿನಂಥ ದಪ್ಪ. "ಪೈಲ್ವಾನ್ ಆಕಾನ ನೋಡ್ರಿ ಕರೆಮ್ಮನ ಮಗ!" ಅವ್ವ ಹಿಗ್ಗಿ ಹೀರೇಕಾಯಾದಳು. ಆ ದಪ್ಪದೊಳಗೆ ಬಲ ಇರಲಿಲ್ಲ. ಸಾಯುತ್ತಿದ್ದ ಖಂಡದ ಜಾಗದಲ್ಲಿ ಕೊಬ್ಬು ತುಂಬುತ್ತಿತ್ತು. ಎಂಟಕ್ಕೆ ಹುಡುಗ ತೊಡೆಗೆ ಕೈಯೂರಿ ಏಳತೊಡಗಿದ, ಹನ್ನೊಂದಕ್ಕೆ ಕುಂತೇಬಿಟ್ಟ, ಹತ್ತೊಂಬತ್ತಕ್ಕೆ ಹೋಗಿಬಿಟ್ಟ.

ಪೈಲ್ವಾನ್ ಅಂದ ಬಾಯಿಗಳೇ ಆಮೇಲೆ "ತಾಯಿ ದೋಷ" ಅಂದವು. ಗ್ರಹಣದಲ್ಲಿ ಏನೋ ಮುಟ್ಟಿದಳಂತೆ, ತವರಿಂದ ಏನೋ ತಂದಳಂತೆ. ಮಗು ಗಟ್ಟಿಯಾದರೆ ಅಪ್ಪನ ವಂಶ, ಕುಂಟಿದರೆ ತಾಯಿಯ ದೋಷ. ಇದು ಯಾವ ಕೋರ್ಟಿನ ನ್ಯಾಯ ಸ್ವಾಮಿ?

ಈ ಮಾತು ಕೇಳುತ್ತಲೇ ಬೆಳೆದವಳು ಆದಪ್ಪನ ಅಕ್ಕ ಭಾಗ್ಯ. ಕಾಲೇಜು ಸಿಂಧನೂರಿನಲ್ಲಿ, ಬಸ್ಸಿನ ಕಂಬಿ ಹಿಡಿದು ನಿಂತೇ ಬಿಎಸ್ಸಿ ಮುಗಿಸಿದಳು ಅಂದರೂ ನಡೆದೀತು. ಇವತ್ತು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಆಣ್ವಿಕ ಜೀವವಿಜ್ಞಾನಿ. ಹದಿನಾಲ್ಕು ವರ್ಷದಿಂದ ಆಕೆ ಬೆನ್ನು ಹತ್ತಿರುವುದು ಒಂದೇ ಒಂದು ಪ್ರೋಟೀನನ್ನು. ಹೆಸರು ಡಿಸ್ಟ್ರೋಫಿನ್. ಖಂಡದ ಎಳೆಗಳು ಹರಿದುಹೋಗದಂತೆ ಹಿಡಿದಿಡುವುದು ಅದರ ಕೆಲಸ. ತಮ್ಮನ ಮೈಯಲ್ಲಿ ಅದು ತಯಾರಾಗಲೇ ಇಲ್ಲ. ಮೂರು ವರ್ಷದ ಒಂದು ಪ್ರಯೋಗ ಪೂರಾ ಕೈಕೊಟ್ಟಾಗ ಜೊತೆಯವರು ಬೇರೆ ವಿಷಯ ಹಿಡಿದರು. ಈಕೆ ಮತ್ತೆ ಮೊದಲಿಂದ ಶುರು ಮಾಡಿದಳು.

ಕಳೆದ ವರ್ಷ ಭಾಗ್ಯ ರಕ್ತದ ಮಾದರಿ ಕೇಳಿಕೊಂಡು ಊರಿಗೆ ಬಂದಳು. ಈ ಪ್ರೋಟೀನು ಹೇಗಿರಬೇಕು ಎಂಬ ಬರಹ ನಮ್ಮ ಮೈಯಲ್ಲೇ ಇರುತ್ತದೆ, ಹೆಣ್ಣಿನಲ್ಲಿ ಎರಡು ಪ್ರತಿ, ಗಂಡಿನಲ್ಲಿ ತಾಯಿಯಿಂದ ಬಂದ ಒಂದೇ. ಅದರಲ್ಲಿ ಯಾವ ತುಂಡು ಬಿಟ್ಟುಹೋಗಿದೆ ಎಂದು ಒಂದೊಂದು ಮನೆಯಲ್ಲೂ ತಿಳಿದರೇನೇ ಯಾವ ಮಗುವಿಗೆ ಯಾವ ಔಷಧ ಹೊಂದೀತು ಎಂದು ಹುಡುಕಲು ದಾರಿ. ಬಳಗಾನೂರು, ಮಸ್ಕಿ, ವಳಕಮದಿನ್ನಿ ಸೇರಿ ಇಂಥ ಮಕ್ಕಳ ಒಂಬತ್ತು ತಾಯಂದಿರು ಶಾಲೆಯ ಕೋಣೆಯಲ್ಲಿ ಕೂತರು. ಅವರೊಳಗೆ, ಮೂಲೆಯಲ್ಲಿ, ಕರೆಮ್ಮನೂ ಇದ್ದಳು. ಮಗಳು ಎಷ್ಟು ಸಲ ಕೇಳಿದರೂ ರಕ್ತ ಕೊಡದವಳು ಆಕೆ. ಇವರು ಎದ್ದುಹೋದರೆ ಹದಿನಾಲ್ಕು ವರ್ಷದ ದುಡಿಮೆ ಊರ ಬಾಗಿಲಲ್ಲೇ ನಿಲ್ಲುತ್ತಿತ್ತು.

ಭಾಗ್ಯ ಒಪ್ಪಿಗೆ ಪತ್ರ ಓದಿದಳು: "ತಾಯಿಯ ದೋಷಯುಕ್ತ ವಂಶವಾಹಿಯ ಮೂಲಕ..."

ಮಸ್ಕಿಯ ಮಕ್ತುಂಬೀ ಸೆರಗು ಕೊಡವಿ ಎದ್ದಳು. "ನಮ್ಮತ್ತಿ ಬಾಯಿಲೆ ಅಂತಾಳ, ನೀ ಕಾಗದದಾಗ ಬರದಿ. ಫರಕ್ ಏನಬೇ ಭಾಗ್ಯಮ್ಮ?"

"ಭಾಳ ಓದ್ಯಾಳ್ರೀ ನನ್ನ ಮಗಳು," ಕರೆಮ್ಮ ಮೂಲೆಯಿಂದಲೇ ಕುಟುಕಿದಳು. "ನಾ ತಿಂದ ಬೈಗುಳ ಮಾತ್ರ ಮರೀದ ಬರಕೊಂಡು ಬಂದಾಳ ನೋಡ್ರಿ."

ಪತ್ರ ಬರೆದವಳು ಭಾಗ್ಯನೇ. ಪುಸ್ತಕದ ಕನ್ನಡ ನೋಡಿ ಬರೆದಿದ್ದಳು. ಅವ್ವನನ್ನು ಇಪ್ಪತ್ತು ವರ್ಷ ಹೊಡೆದ ಪದವನ್ನೇ ತನ್ನ ಕೈಯಾರೆ ಅಚ್ಚು ಹಾಕಿಸಿ ತಂದಿದ್ದಳು! ಪೆನ್ನು ತೆಗೆದು ಪದದ ಮೇಲೆ ಗೀಟೆಳೆದಳು. ಆಮೇಲೆ ಗದ್ದೆಯಲ್ಲಿ ನಾಟಿ ಮಾಡುವ ಅವ್ವನನ್ನು ಕೇಳಿದಳು:

"ಅವ್ವ, ಹಗ್ಗ ಹಿಡಿದು ನೆಲ್ಲಿನ ಸಸಿ ಹಚ್ಚುವಾಗ ನಡುವ ಒಂದು ಸಾಲು ಬಿಟ್ರ?"

"ಮುಂದಿಂದೆಲ್ಲಾ ಸೊಟ್ಟ ಆಕೈತಿ."

"ಬಿಟ್ಟಾಕಿ ಯಾರು?"

"ಹನ್ನೆರಡು ಮಂದಿ ಬಗ್ಗಿ ಹಚ್ಚಾಕತ್ತಿರ್ತೀವಿ. ಯಾರಂತ ಹೇಳೂದು? ಹುಚ್ಚಿ!"

"ಇದೂ ಹಂಗಬೇ. ನಿನ್ನ ರಕ್ತದಾಗಿನ ಬರಹದಾಗ ಸಾಲು ಬಿಟ್ಟಿರಬೇಕು. ಬಿಟ್ಟಿದ್ದು ನಿಮ್ಮವ್ವನ ಕಾಲಕ್ಕೋ, ಅವರವ್ವನ ಕಾಲಕ್ಕೋ, ಯಾರಿಗೆ ಗೊತ್ತು." ಭಾಗ್ಯ ತನ್ನ ತೋಳು ಮುಂದೆ ಮಾಡಿದಳು. "ನಂದು ನೋಡಿಸೀನಿ. ನನ್ನಾಗೂ ಬಿಟ್ಟೈತಿ. ನಾ ದೋಷ ಏನಬೇ?"

ಕರೆಮ್ಮ ಮಗಳ ತೋಳು ನೋಡಿದಳು. ಆಕೆಗೆ ಇದು ಗೊತ್ತೇ ಇರಲಿಲ್ಲ. ಕಣ್ಣು ಒರೆಸಿಕೊಂಡು, ಎದ್ದು ಬಂದು, ಬಳೆ ಮೇಲಕ್ಕೆ ಸರಿಸಿದಳು.

"ನನ್ನ ಮಗಳಿಗೆ ದೋಷ ಅಂದಾಕಿ ನಾಲಿಗೆ ಕಿತ್ತು ಇಡ್ತೀನಿ. ಹೂಂ, ಹಿಡಿ. ಮೆಲ್ಲಕ ಚುಚ್ಚು, ನಿನ್ನ ಲ್ಯಾಬಿನ ಇಲಿ ಅಂತ ತಿಳಕೊಬ್ಯಾಡ."

ಮಕ್ತುಂಬೀ ನಕ್ಕುಬಿಟ್ಟಳು. "ಸರೀರಿ ಅಕ್ಕಾ, ನಿಮ್ಮ ಹಿಂದ ನಂದು ಪಾಳಿ."

ಒಂಬತ್ತೂ ಜನ ಕೊಟ್ಟರು. ಔಷಧ ಸಿಕ್ಕಿತು ಅಂತ ನಾನು ಸುಳ್ಳು ಬರೆಯುವುದಿಲ್ಲ, ಹುಡುಕಾಟ ನಡೆದಿದೆ. ಆದರೆ ಆ ಪ್ರಯೋಗಾಲಯದ ಕನ್ನಡ ಒಪ್ಪಿಗೆ ಪತ್ರದಲ್ಲಿ ಈಗ ದೋಷ ಎಂಬ ಪದ ಇಲ್ಲ. "ಬರಹದಲ್ಲಿ ಒಂದು ಸಾಲು ಬಿಟ್ಟಿದೆ, ಇದು ಯಾರ ತಪ್ಪೂ ಅಲ್ಲ" ಎಂದು ಅಚ್ಚಾಗಿದೆ. ಇದನ್ನು ಯಾವ ಪಂಡಿತರು ಬರೆದರು ಎಂದು ಅಲ್ಲಿಯ ದೊಡ್ಡವರೊಬ್ಬರು ಕೇಳಿದರಂತೆ.

"ನಮ್ಮವ್ವರೀ," ಅಂದಳಂತೆ ಭಾಗ್ಯ. "ನೆಲ್ಲು ಹಚ್ಚತಾಳ."