ಕರಿ ಅಂಗಿಯ ಮೇಲೆ ಕರಿ ಎಮ್ಮೆ

ಹಿರೇಕೆರೂರಿನಲ್ಲಿ ನೀಲಾಂಬಿಕಾಳ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಎಮ್ಮಿ ಅಂಗಿ ಅಂಗಡಿ’ ಎಂದು ಕೇಳಿದರೆ ಕೈ ಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಬೋರ್ಡಿನ ಮೇಲೆ ಬರೆದಿರುವ ಹೆಸರು ಬೇರೆಯೇ ಇದೆ, ಅದನ್ನು ಓದಿದವರು ಕಡಿಮೆ.

ನೀಲಾಂಬಿಕಾ ಹುಟ್ಟಿದ್ದು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಲ್ಲಿ. ಖಾಲಿ ಜಾಗ ಕಂಡರೆ ಕೈ ಕಟ್ಟಿಕೊಂಡು ಕೂರುವ ಹುಡುಗಿ ಅವಳಾಗಿರಲಿಲ್ಲ. ಅಪ್ಪ ಗೋವಿನಜೋಳದ ಚೀಲಗಳ ಮೇಲೆ ತನ್ನ ಹೆಸರಿನ ಮೊದಲಕ್ಷರ ಬರೆದಿಟ್ಟರೆ, ಇವಳು ಅದರ ಕೆಳಗೊಂದು ಗಿಳಿ ಬರೆಯುವಳು. ಅಪ್ಪ ಬೈದ. ಪೇಟೆಯಲ್ಲಿ ವ್ಯಾಪಾರಿಗಳು ‘ಗಿಳಿ ಚೀಲ ಯಾರದ್ದು’ ಎಂದು ಹುಡುಕಿಕೊಂಡು ಬಂದ ಮೇಲೆ ಅವನೇ ಕರೆದು ಬರೆಸತೊಡಗಿದ. ಮದುವೆಯಾಗಿ ಹಿರೇಕೆರೂರಿಗೆ ಬಂದಳು. ಗಂಡ ಪ್ರಭು ಹಾವೇರಿ ಬಸ್ಸಿನ ಕಂಡಕ್ಟರ್. ಅವಳು ಕೆಲವು ವರ್ಷ ಬ್ಲೌಸು ಹೊಲಿದಳು. ಆಮೇಲೆ ಹುಬ್ಬಳ್ಳಿಯ ಪ್ರದರ್ಶನವೊಂದರಲ್ಲಿ ಬಟ್ಟೆಯ ಮೇಲೆ ನೇರವಾಗಿ ಫೋಟೋ ಮೂಡಿಸುವ ಮಷಿನ್ ನೋಡಿದಳು. ಆ ದಿನ ಮನೆಗೆ ಬಂದವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಳೆಯದೊಂದು ಮಷಿನ್ ಸಿಕ್ಕಾಗ ನಾಲ್ಕು ಜನ ಹಿಡಿದು ಅದನ್ನು ಪ್ರಭುವಿನ ಬಸ್ಸಿಗೇ ಹತ್ತಿಸಿದರು. ಪ್ರಭು ಹೆಂಡತಿಗೊಂದು ಟಿಕೆಟ್, ಮಷಿನ್‌ಗೊಂದು ಲಗೇಜ್ ಟಿಕೆಟ್ ಹರಿದುಕೊಟ್ಟ. ಅವನು ಅಂಥ ಮನುಷ್ಯ.

ಒಂದು ಮುಂಜಾನೆ ಚಿಕ್ಕೇರೂರಿನ ರೈತ ಮೈಲಾರಲಿಂಗಪ್ಪ ಅಂಗಡಿಗೆ ಬಂದ. ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕುಳಿತು ಮೆಲ್ಲಗೆ ಹೇಳಿದ.

“ಅಕ್ಕಾರ, ನಮ್ಮ ಚಂದ್ರಿ ಕಳದಾಳ.”

ನೀಲಾಂಬಿಕಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. “ಪೊಲೀಸ್ರಿಗೆ ಹೇಳೀರೇನ್ರಿ ಯಜಮಾನ್ರ?”

“ಹೇಳೇನ್ರಿ. ಕೋಡು ಹ್ಯಾಂಗ ಅದಾವ ಅಂತ ಕೇಳಿದ್ರು.”

ಚಂದ್ರಿ ಎಮ್ಮೆ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಹಿರೇಕೆರೂರಿನ ಸಂತೆಯ ದಿನ, ಗೋವಿನಜೋಳದ ಗಾಡಿಗಳ ಗದ್ದಲದಲ್ಲಿ ಹಗ್ಗ ಬಿಚ್ಚಿಕೊಂಡು ಹೋದವಳು ಮತ್ತೆ ಕಂಡಿರಲಿಲ್ಲ. ಹಣೆಯ ನಡುವೆ ಬಿಳಿ ಚಂದ್ರ ಇದ್ದುದರಿಂದ ಆ ಹೆಸರು.

“ಗ್ವಾಡಿಗೆ ಕಾಗದಾ ಹಚ್ಚಿ ನೋಡಿದ್ನಿರಿ,” ಎಂದ ಮೈಲಾರಲಿಂಗಪ್ಪ. “ಅರ್ಧಾ ಆಡು ತಿಂದ್ವು. ಉಳದದ್ದರ ಮ್ಯಾಲ ಹಲ್ಲಿನ ಡಾಕ್ಟರ್ ತಮ್ಮ ಕಾಗದಾ ಹಚ್ಚಿದ್ರು. ಈಗ ಎಮ್ಮಿ ಇರೋ ಜಾಗಾದಾಗ ಬರೇ ಹಲ್ಲು ಕಾಣ್ತಾವ. ಅಂಗಿ ಆದ್ರ ಹಂಗಲ್ಲ ನೋಡ್ರಿ. ಅಂಗಿ ತಿರಗಾಡತೈತಿ. ನಮ್ಮ ಮನಿ ಮಂದಿ, ಬೀಗರು, ಎಲ್ಲಾರೂ ಹಾಕ್ಕೊಂತೀವಿ.”

ಮಾತು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಫೋಟೋದಲ್ಲಿ. ಅವನ ಮೊಬೈಲಿನಲ್ಲಿದ್ದದ್ದು ಒಂದೇ ಒಂದು, ಅದೂ ಸೊಸೆಯ ಕುಬಸದ್ದು, ಅಂದರೆ ಸೀಮಂತದ್ದು. ಸೊಸೆ ಹಸಿರು ಸೀರೆ ಉಟ್ಟು ನಡುವೆ ಕುಳಿತಿದ್ದಳು, ಒಂದು ಮೂಲೆಯಲ್ಲಿ ಎಮ್ಮೆಯ ಬಾಲ ಮತ್ತು ಒಂದು ಹಿಂಗಾಲು ಬಂದಿದ್ದವು.

“ಬಾಲದ ಮ್ಯಾಲ ಗುರುತು ಹಿಡಿಯೂದಿಲ್ಲೇನ್ರಿ?”

“ನೀವು ಹಿಡೀತೀರಿ. ಜನಾ ಹಿಡಿಯೂದಿಲ್ಲ.”

ಅಷ್ಟರಲ್ಲಿ ಬೀದಿಯಲ್ಲಿ ತುಂಗಾ ಬಂದಳು. ಅವಳು ನಿವೃತ್ತ ವಕೀಲ ರಾಘಣ್ಣನವರ ಮನೆಯ ಎಮ್ಮೆ. ಅವರ ಹೆಂಡತಿ ಗೋಪಿಕಾಬಾಯಿಯವರಿಗೆ ಪ್ಯಾಕೆಟ್ ಹಾಲು ಸೇರದು, ಅದಕ್ಕೇ ಸಾಕಿದ್ದರು. ತುಂಗಾ ದಿನವೂ ಒಬ್ಬಳೇ ಕೆರೆಗೆ ಹೋಗಿ, ಮಿಂದು, ಒಬ್ಬಳೇ ಮನೆಗೆ ಬರುವಳು. ಅವಳ ಹಣೆಯ ಮೇಲೂ ಒಂದು ಬಿಳಿ ಮಚ್ಚೆ ಇತ್ತು. ಮೈಲಾರಲಿಂಗಪ್ಪ ಎದ್ದು ಹೋಗಿ ಅವಳನ್ನು ಸುತ್ತಲೂ ನೋಡಿ ಬಂದ.

“ಅಕ್ಕ ತಂಗೇರಂಗ ಅದಾರ್ರಿ.”

“ಇದು ಚಂದ್ರಿ ಅಲ್ಲ ಅಂತ ಖಾತ್ರಿ ಐತಿಲ್ರಿ?”

“ಖಾತ್ರಿ ಐತ್ರಿ. ಇದರ ಕಣ್ಣಾಗ ಮರ್ಯಾದಿ ಐತಿ.”

ನೀಲಾಂಬಿಕಾ ತುಂಗಾಳ ಫೋಟೋ ತೆಗೆದಳು. ಎಮ್ಮೆಯನ್ನು ಕೇಳುವುದು ಹೇಗಿದ್ದರೂ ಆಗದು, ಎಮ್ಮೆಯ ಮಾಲೀಕರನ್ನು ಕೇಳಬೇಕು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಸಂತೆಯಲ್ಲಿ ಧಾನ್ಯದ ವ್ಯಾಪಾರ ಮಾಡುವ ಬೀಗರಿಗೆ ಬಿಳಿ ಅಂಗಿ, ತನಗೂ ತನ್ನ ಕಡೆಯವರಿಗೂ ಕರಿ ಅಂಗಿ ಬೇಕೆಂದ ಮೈಲಾರಲಿಂಗಪ್ಪ. ಕರಿ ಎಮ್ಮೆಗೆ ಕರಿ ಅಂಗಿ ಬೇಡವೆಂದು ನೀಲಾಂಬಿಕಾ ಹೇಳಿ ನೋಡಿದಳು. ಬಿಳಿ ಬಟ್ಟೆ ಹೊಲದಲ್ಲಿ ಒಂದು ದಿನ ಬಾಳುವುದಿಲ್ಲ ಎಂದು ಅವನು ಪಟ್ಟು ಬಿಡಲಿಲ್ಲ. ಸರಿ ಎಂದು ಕರಿ ಟೀ ಶರ್ಟೊಂದನ್ನು ಹಲಗೆಗೆ ಬಿಗಿದು, ಅದರ ಮೇಲೆ ನೀರಿನಂಥ ದ್ರಾವಣ ಸಿಂಪಡಿಸಿ, ಬಿಸಿ ಪ್ರೆಸ್ಸಿನ ಕೆಳಗಿಟ್ಟು ಒತ್ತಿದಳು. ಹಬೆ ಎದ್ದಿತು.

“ಅದ್ಯಾಕ್ರಿ ನೀರು?”

“ಹಂಗ ಶಾಯಿ ಬಿಟ್ರ ಅರಿವಿ ಕುಡದ ಬಿಡತೈತ್ರಿ. ಇದನ್ನ ಹೊಡದ್ರ ಶಾಯಿ ಮ್ಯಾಲ ಕುಂದರತೈತಿ.”

ಮಷಿನ್ ಅಂಗಿಯನ್ನು ಒಳಗೆ ಎಳೆದುಕೊಂಡಿತು. ಶಾಯಿಯ ತಲೆ ಅತ್ತಿತ್ತ ಓಡಾಡತೊಡಗಿತು. ಮೊದಲು ಬಿಳಿ ಮಾತ್ರ ಬಿದ್ದಿತು.

“ಕರಿ ಅರಿವಿಗೆ ಮದ್ಲ ಬಿಳಿ ಹಾಸತೈತ್ರಿ, ಗ್ವಾಡಿಗೆ ಸುಣ್ಣಾ ಹೊಡದಂಗ. ಆಮ್ಯಾಲ ಬಣ್ಣಾ. ಈ ಬಿಳಿ ಶಾಯೀದ ಕಾಟ ಭಾಳ. ತಳಾ ಹಿಡೀತೈತಿ. ದಿನಾ ಅಲಗಾಡಸಬೇಕು, ದಿನಾ ಒಂದೀಟರ ಪ್ರಿಂಟ್ ತಗೀಬೇಕು. ಬಿಟ್ರ ತೂತು ಮುಚ್ಚಿಕೊಂಡು ಕುಂದರತಾವ.”

ಮೈಲಾರಲಿಂಗಪ್ಪ ಮಷಿನ್‌ನ ಬೆನ್ನು ಸವರಿದ. “ಹಂಗಾರ ಇದೂ ಕರಿಯೋ ಎಮ್ಮೀನ ಅನ್ರಿ. ದಿನಾ ಹಿಂಡಬೇಕು.”

ಅಂಗಿ ಹೊರಗೆ ಬಂದಿತು. ಬಣ್ಣ ಗಟ್ಟಿಯಾಗಲೆಂದು ಮತ್ತೊಮ್ಮೆ ಪ್ರೆಸ್ಸಿಗಿಟ್ಟು, ನೀಲಾಂಬಿಕಾ ಅದನ್ನು ಅವನೆದುರು ಹಿಡಿದಳು. ಕರಿ ಬಟ್ಟೆಯ ಮೇಲೆ ಒಂದು ಬಿಳಿ ಚಂದ್ರ, ಎರಡು ಒದ್ದೆ ಕಣ್ಣು, ಕೋಡಿನ ಮೇಲಿನ ಮಿಂಚಿನ ಗೆರೆ, ಮೂಗಿನ ತುದಿಯ ಹೊಳಪು. ಕೆಳಗೆ ‘ಕಳೆದಿದ್ದಾಳೆ, ಕಂಡವರು ಚಿಕ್ಕೇರೂರಿಗೆ ತಲುಪಿಸಿ’ ಎಂಬ ಸಾಲು ಮತ್ತು ಫೋನ್ ನಂಬರು. ಮತ್ತೇನೂ ಇಲ್ಲ.

“ಎಮ್ಮಿ ಎಲ್ಲೈತ್ರಿ?”

“ಅಂಗೀನ ಎಮ್ಮಿ, ಯಜಮಾನ್ರ. ಕಪ್ಪ ಇದ್ದಲ್ಲಿ ಮಷಿನ್ ಶಾಯಿ ಬಿಡೂದಿಲ್ಲ. ಅರಿವಿ ಕಪ್ಪನ್ನ ಹಂಗ ಇಟಗೊಂತೈತಿ.”

ಅವನು ಅಂಗಿ ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ.

“ಅಂದ್ರ ಈಗ ನಾನ ಎಮ್ಮಿ ಆದೆ.”

“ಸೊಂಟದ ಮಟಾ.”

ಅವಳು ನಗಬೇಕೆನ್ನುವಷ್ಟರಲ್ಲಿ ಅವನ ಕಣ್ಣು ತುಂಬಿದ್ದು ಕಂಡಿತು. “ನಸುಕಿನ್ಯಾಗ ಹಾಲು ಹಿಂಡಾಕ ಹ್ವಾದ್ರ ಕೊಟಿಗ್ಯಾಗ ಹಿಂಗ ಕಾಣ್ತಿದ್ಲು,” ಎಂದ. “ಬರೇ ಇಷ್ಟ.” ನೀಲಾಂಬಿಕಾ ಮುಖ ತಿರುಗಿಸಿ ಮುಂದಿನ ಅಂಗಿ ಹಲಗೆಗೆ ಬಿಗಿದಳು.

ಗೋಳು ಶುರುವಾದದ್ದು ಬಿಳಿ ಅಂಗಿಗಳಿಂದ. ಬಿಳಿಯ ಮೇಲೆ ತುಂಗಾ ಕಿವಿಯ ಕೂದಲ ಸಮೇತ ಮೂಡಿದ್ದಳು. ಬೀಗರು ಅವನ್ನು ತೊಟ್ಟು ಸಂತೆಯಲ್ಲಿ ತೂಕ ಹಾಕುತ್ತಿದ್ದರೆ, ಬಂದವರೆಲ್ಲ ನೋಡಿ ಮನಸ್ಸಿನಲ್ಲಿಟ್ಟುಕೊಂಡರು. ಶಿಗ್ಗಾಂವಿ ಕಡೆಯ ಇಬ್ಬರು ಕೆರೆಯ ದಾರಿಯಲ್ಲಿ ತುಂಗಾಳನ್ನು ಕಂಡು, ಪುಣ್ಯ ಬರಲೆಂದು ಗೂಡ್ಸ್ ಗಾಡಿ ಹತ್ತಿಸಿ ಚಿಕ್ಕೇರೂರಿಗೆ ಒಯ್ದರು.

“ಇದು ನಮ್ಮ ಎಮ್ಮಿ ಅಲ್ರಿ,” ಎಂದ ಮೈಲಾರಲಿಂಗಪ್ಪ. “ಇದರ ಫೋಟೋ ಅಷ್ಟ ನಮ್ಮದು.”

ಅಷ್ಟು ದೂರದಿಂದ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಾದೀತೇ? ರೊಟ್ಟಿ, ಬದನೆಕಾಯಿ ಪಲ್ಯ ಹಾಕಿದ. ತುಂಗಾಳಿಗೆ ಹಸಿ ಮೇವು ಹಾಕಿದ. ಎಮ್ಮೆ ತಂದವರಿಗೆ ಊಟ ಉಂಟು ಎಂಬ ಸುದ್ದಿ ಹಬ್ಬಿತು. ಮತ್ತೆ ಯಾರೋ ತಂದರು, ಆಮೇಲೆ ಇನ್ಯಾರೋ. ಗೂಡ್ಸ್ ಗಾಡಿ ಕಂಡರೆ ತುಂಗಾ ತಾನೇ ಕಾಲೆತ್ತಿ ನಿಲ್ಲತೊಡಗಿದಳು.

ಗೋಪಿಕಾಬಾಯಿಯವರು ಒಂಬತ್ತು ಗಜದ ಸೀರೆಯ ಸೆರಗು ಬಿಗಿದುಕೊಂಡು ಅಂಗಡಿಗೆ ಬಂದರು. ಸಿಟ್ಟು ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು.

“ನೀಲಾಂಬಿಕಾ, ನಮ್ಮ ತುಂಗಾ ಕಳದಾಳೇನು?”

“ಇಲ್ರಿ ಅಮ್ಮಾರ.”

“ಮತ್ತ ದಿನಾ ಯಾಕ ಸಿಗಲಿಕತ್ತಾಳ?”

ನೀಲಾಂಬಿಕಾ ಎಲ್ಲವನ್ನೂ ಹೇಳಿ ಕೈ ಮುಗಿದಳು. ಗೋಪಿಕಾಬಾಯಿ ಕ್ಷಮಿಸಿದರು, ರಾಘಣ್ಣ ಕ್ಷಮಿಸಲಿಲ್ಲ. ಅವರಿಗೆ ಕೋರ್ಟು ಬಿಟ್ಟ ಮೇಲೆ ಇಂಥದೊಂದು ಪ್ರಕರಣ ಸಿಕ್ಕಿರಲಿಲ್ಲ. ತಮಗೂ ಒಂದು ಅಂಗಿಯ ಮೇಲೆ ಅದೇ ಫೋಟೋ ಹಾಕಿ, ಕೆಳಗೆ ತಾವು ಹೇಳಿದ್ದನ್ನು ಅಚ್ಚು ಮಾಡಬೇಕೆಂದರು. ‘ಮೇಲೆ ಕಾಣಿಸಿದ ಎಮ್ಮೆಯು ಸದರಿ ಕಳೆದುಹೋದ ಎಮ್ಮೆಯಾಗಿರುವುದಿಲ್ಲವೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ.’ ಅಷ್ಟೆಲ್ಲ ಎದೆಯ ಮೇಲೆ ಹಿಡಿಯಬೇಕಾದರೆ ಅಕ್ಷರ ಇರುವೆಯಷ್ಟಾದವು. ರಾಘಣ್ಣ ಅದನ್ನು ಧೋತ್ರದ ಮೇಲೆ ತೊಟ್ಟು ದಿನವೂ ಸಂಜೆ ತಿರುಗಾಡಿದರು. ದೂರದಿಂದ ಎಮ್ಮೆಯಷ್ಟೇ ಕಾಣುತ್ತಿತ್ತು. ವಕೀಲರಂಥವರೇ ಅಂಗಿ ತೊಟ್ಟು ಹುಡುಕುತ್ತಿದ್ದಾರೆಂದರೆ ಎಮ್ಮೆ ಭಾರಿಯದೇ ಇರಬೇಕು ಎಂದುಕೊಂಡರು ಜನ. ತುಂಗಾ ಮೊದಲಿಗಿಂತ ಹೆಚ್ಚು ಸಿಗತೊಡಗಿದಳು.

“ಇನ್ನ ಉಳದದ್ದು ಒಂದ ದಾರಿ,” ಎಂದರು ರಾಘಣ್ಣ. “ಆಕೀನ ಸ್ವತಃ ಹೇಳಿಕೆ ಕೊಡಬೇಕು.”

ಹಾಗಾಗಿ ತುಂಗಾಳಿಗೆ ಎತ್ತುಗಳಿಗೆ ಹೊದಿಸುವಂಥ ಝೂಲು ಹೊಲಿಯುವುದೆಂದಾಯಿತು. ಮಷಿನ್‌ನ ಹಲಗೆ ಮನುಷ್ಯರ ಎದೆಯಷ್ಟೇ ಅಗಲ, ಎಮ್ಮೆಯ ಪಕ್ಕೆ ಅದರಲ್ಲಿ ಹಿಡಿಯದು. ಬಿಳಿ ಹತ್ತಿಯ ಬಟ್ಟೆಯನ್ನು ಮೂರು ತುಂಡು ಮಾಡಿ, ಒಂದರ ಮೇಲೆ ‘ನಾನು’, ಇನ್ನೊಂದರ ಮೇಲೆ ‘ಆ ಎಮ್ಮೆ’, ಮತ್ತೊಂದರ ಮೇಲೆ ‘ಅಲ್ಲ’ ಎಂದು ದೊಡ್ಡದಾಗಿ ಅಚ್ಚು ಮಾಡಿದಳು. ಎರಡು ತುಂಡು ಪ್ರೆಸ್ಸಿನಲ್ಲಿ ಕಾದು ಗಟ್ಟಿಯಾದವು. ಮೂರನೆಯದನ್ನು ಇಡುವಷ್ಟರಲ್ಲಿ ಕರೆಂಟ್ ಹೋಯಿತು.

“ಆತೇನವಾ? ತುಂಗಾ ಕೆರಿಗೆ ಹೋಗೋ ಹೊತ್ತಾತು,” ಎಂದು ಗೋಪಿಕಾಬಾಯಿ ಬಾಗಿಲಲ್ಲಿ ನಿಂತರು.

ನೀಲಾಂಬಿಕಾ ಮುಟ್ಟಿ ನೋಡಿದಳು. ಒಣಗಿದಂತಿತ್ತು. ಒಣಗುವುದೇ ಬೇರೆ, ಕಾದು ಗಟ್ಟಿಯಾಗುವುದೇ ಬೇರೆ ಎಂದು ಬಂದವರಿಗೆಲ್ಲ ಪಾಠ ಹೇಳುವ ಅವಳು, ಗೋಪಿಕಾಬಾಯಿಯ ಮುಖ ನೋಡಿ ಸುಮ್ಮನೆ ಮೂರನ್ನೂ ಕೂಡಿಸಿ ಹೊಲಿದು ಕೊಟ್ಟಳು.

ತುಂಗಾ ಝೂಲು ಹೊದ್ದು ಕೆರೆಗೆ ಇಳಿದಳು, ಕುತ್ತಿಗೆ ಮಟ ನೀರಲ್ಲಿ ಕಣ್ಣು ಮುಚ್ಚಿ ಕುಳಿತಳು. ಸುತ್ತಲಿನ ನೀರು ಮಸಿಯಂತೆ ಕಪ್ಪಾಯಿತು. ಅವಳು ಮೇಲೆದ್ದು ಬಂದಾಗ ಮೈಮೇಲೆ ಉಳಿದದ್ದು ‘ನಾನು ಆ ಎಮ್ಮೆ’ ಎಂಬಷ್ಟು ಮಾತ್ರ.

ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿದರು. “ಪಾಪ, ಬಾಯಿ ಬಿಟ್ಟು ಹೇಳಾಕತ್ತೈತಿ ನೋಡ್ರಿ,” ಎಂದಳೊಬ್ಬ ಮುದುಕಿ. ಆವತ್ತು ತುಂಗಾ ಚಿಕ್ಕೇರೂರಿಗೆ ಒಬ್ಬರಿಬ್ಬರ ಜೊತೆ ಹೋಗಲಿಲ್ಲ, ಒಂದು ಟ್ರ್ಯಾಕ್ಟರ್ ಜನ ಜೊತೆಗೆ ಹೋದರು.

ಸುದ್ದಿ ಕೇಳಿ ನೀಲಾಂಬಿಕಾ ಅಂಗಡಿ ಮುಚ್ಚಿ ಬಸ್ ಹತ್ತಿದಳು. ಅವಳಿಗೆ ನಾಚಿಕೆಯಾದದ್ದು ಎಮ್ಮೆಯ ವಿಷಯಕ್ಕಲ್ಲ. ಅವಳ ಕೈಯಿಂದ ಹೋದ ಅಚ್ಚು ನೀರಿಗೆ ಬಿಟ್ಟದ್ದು ಅದೇ ಮೊದಲು. ಚಿಕ್ಕೇರೂರಿನಲ್ಲಿ ಮೈಲಾರಲಿಂಗಪ್ಪನ ಅಂಗಳದ ತುಂಬ ಜನ ಉಣ್ಣುತ್ತಿದ್ದರು. ತುಂಗಾ ಒದ್ದೆ ಝೂಲಿನಲ್ಲೇ ಮೇವು ಮೆಲ್ಲುತ್ತಿದ್ದಳು. ಎಲ್ಲರೆದುರು ತಪ್ಪು ತನ್ನದೆಂದು ಹೇಳಲು ಅವಳು ಬಾಯಿ ತೆರೆಯಬೇಕು, ಅಷ್ಟರಲ್ಲಿ ಪ್ರಭುವಿನ ಫೋನು ಬಂದಿತು. ರಜೆಯ ದಿನವೆಂದು ಅವನು ಅಂಗಡಿಯಲ್ಲಿ ಮಿಕ್ಕಿದ್ದ ಕರಿ ಎಮ್ಮೆ ಅಂಗಿಯೊಂದನ್ನು ತೊಟ್ಟು ಗೆಳೆಯನ ಮನೆಗೆ ಹಾನಗಲ್‌ಗೆ ಹೋಗಿದ್ದ.

“ಇಲ್ಲೊಬ್ಬ ಅಮ್ಮಾರು ನನ್ನ ಅಂಗಿ ಹಿಡಕೊಂಡು ಬಿಡವಲ್ರು,” ಎಂದ ಪ್ರಭು ತಣ್ಣಗೆ. “ಈ ಎಮ್ಮಿ ಅವರ ಮನ್ಯಾಗ ಐತಂತ.”

“ಅದು ತುಂಗಾನ ಫೋಟೋ. ತುಂಗಾ ಇಲ್ಲೇ ನನ್ನ ಮುಂದ ಮೇಯಾಕತ್ತಾಳ.”

“ಹಂಗಂತ ನಾನೂ ಹೇಳಿದೆ. ಕೇಳವಲ್ರು.”

ಮಾತು ಕೇಳಿಸಿಕೊಂಡ ಮೈಲಾರಲಿಂಗಪ್ಪ ಕೈ ತೊಳೆಯದೆಯೇ ಟ್ರ್ಯಾಕ್ಟರ್ ಹತ್ತಿದ. ನೀಲಾಂಬಿಕಾ ಜೊತೆಗೆ ಹೋದಳು. ಹಾನಗಲ್‌ನ ಮುಮ್ತಾಜಬೇಗಂ ಹೋಟೆಲುಗಳಿಗೆ ಹಾಲು ಹಾಕುವ ಹೆಂಗಸು. ಸಂತೆಯಲ್ಲಿ ದಲ್ಲಾಳಿಯೊಬ್ಬನಿಂದ ಎಮ್ಮೆ ಕೊಂಡಿದ್ದಳು, ಅದರ ಹಿಂದಿನ ಕಥೆ ಅವಳಿಗೆ ಗೊತ್ತಿರಲಿಲ್ಲ.

“ಚಂದ್ರಾ ಐತಿ, ಎರಡ ಕಣ್ಣ ಅದಾವ, ಮೂಗು ಒದ್ದಿ ಐತಿ,” ಎಂದಳು, ಪ್ರಭುವಿನ ಎದೆಗೆ ಬೆರಳಿಟ್ಟು. “ಕತ್ತಲ್ಯಾಗ ನಮ್ಮ ಎಮ್ಮಿ ಹಿಂಗ ಕಾಣತೈತಿ. ಇದು ನಮ್ದು ಅಲ್ಲ ಅಂದ್ರ ಮತ್ಯಾರದ್ದು?”

ಕೊಟ್ಟಿಗೆಯೊಳಗಿದ್ದ ಎಮ್ಮೆ ಮೈಲಾರಲಿಂಗಪ್ಪನನ್ನು ಒಮ್ಮೆ ನೋಡಿ ಮುಖ ಆಚೆ ತಿರುಗಿಸಿತು.

“ಇದ ನೋಡ್ರಿ,” ಎಂದ ಅವನು. “ಇದ ನಮ್ಮ ಚಂದ್ರಿ. ಆವತ್ತ ಸಂತ್ಯಾಗ ನಾ ಬೈದದ್ದು ಇನ್ನಾ ಮರ್ತಿಲ್ಲ.” ಹೇಳುತ್ತ ಗೋಡೆಗೆ ಒರಗಿ ನಿಂತ. ಚಂದ್ರಿಯ ಪಕ್ಕದಲ್ಲಿ ಹೊಸದಾಗಿ ಹುಟ್ಟಿದ ಕರುವೊಂದು ನಡುಗುತ್ತ ನಿಂತಿತ್ತು.

ಮುಮ್ತಾಜಬೇಗಂ ಎಲ್ಲರಿಗೂ ಚಹಾ ಕೊಟ್ಟಳು. ಯಾರೂ ದನಿ ಏರಿಸಲಿಲ್ಲ. ಬಾಣಂತನ ಮಾಡಿದ್ದು ತಾನು ಎಂದಳು ಅವಳು. ಅದೂ ಸುಳ್ಳಲ್ಲ ಎಂದ ಮೈಲಾರಲಿಂಗಪ್ಪ. ಕೊನೆಗೆ ಅವಳೇ ದಾರಿ ಹೇಳಿದಳು. “ಕರಾ ಮೊಲಿ ಬಿಡೂ ಮಟಾ ತಾಯಿ ಇಲ್ಲೇ ಇರ್ಲಿ ಭಾಯ್. ಆಮ್ಯಾಲ ತಾಯಿ ನಿಮ್ದು, ಕರಾ ನಮ್ದು.” ಅವನು ಒಪ್ಪಿದ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಬೆಲ್ಲ ಕಟ್ಟಿಕೊಂಡು ಹಾನಗಲ್‌ಗೆ ಹೋಗಿ ಬರುತ್ತಿದ್ದ. ಚಂದ್ರಿ ಬೆಲ್ಲ ತಿನ್ನುವಳು, ಮುಖ ಮಾತ್ರ ಆಚೆಗೇ ಇರುತ್ತಿತ್ತು.

ಕೆಲವು ದಿನ ಕಳೆದು ಗೋಪಿಕಾಬಾಯಿ ಮತ್ತೆ ಅಂಗಡಿಗೆ ಬಂದರು. ಝೂಲು ತೆಗೆದ ಮೇಲೆ ತುಂಗಾ ಕೊಟ್ಟಿಗೆ ಬಿಟ್ಟು ಹೊರಡುವುದಿಲ್ಲವಂತೆ, ಎಳೆದರೆ ಕೂತುಬಿಡುತ್ತಾಳಂತೆ. ಹೊಸದೊಂದು ಬೇಕು.

“ಏನ್ ಬರೀಲ್ರಿ ಅಮ್ಮಾರ? ಸಾಹೇಬ್ರು ಏನಾರ ಹೇಳ್ಯಾರೇನು?”

“ಅವರನ್ನ ಕೇಳಬ್ಯಾಡ. ಅಕ್ಷರದ ಸಹವಾಸ ಸಾಕು. ಒಂದೀಟು ಹೂವು ಹಾಕು.”

ನೀಲಾಂಬಿಕಾ ಕೆಂಪು ದಾಸವಾಳ ಹಾಕಿದಳು. ಒಂದೊಂದು ತುಂಡನ್ನೂ ಪ್ರೆಸ್ಸಿನಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ಕಾಯಿಸಿದಳು. ಹೊದಿಸಿದ ದಿನ ತಾನೂ ಕೆರೆಯ ದಂಡೆಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಕಲ್ಲಿನ ಮೇಲೆ ಕುಳಿತಳು. ತುಂಗಾ ಬಿಸಿಲು ಇಳಿಯುವ ತನಕ ನೀರಲ್ಲೇ ಇದ್ದಳು. ಎದ್ದು ಬಂದಾಗ ಹೂಗಳೆಲ್ಲ ಇದ್ದ ಹಾಗೇ ಇದ್ದವು. ನೀಲಾಂಬಿಕಾ ಹತ್ತಿರ ಹೋಗಿ ಒಂದು ದಾಸವಾಳವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬೆರಳಿಗೆ ಬಂದದ್ದು ಕೆರೆಯ ಕೆಸರು ಮಾತ್ರ.