ಜೊಂಡಿನ ಹೊರೆ

ಕೆರೆಯ ಕೆಸರಿನಲ್ಲಿ ಕೊಳೆತ ಜೊಂಡಿನ ವಾಸನೆ ಒಂದು ಸಲ ಮೂಗಿಗೆ ಹತ್ತಿತೆಂದರೆ ಎರಡು ದಿನ ಬಿಡುವುದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಶಾಲೆಯ ಶಿಕ್ಷಕಿಯರು ಏಳೆಂಟು ಮಂದಿ ಸೇರಿ ಒಂದು ಭಾನುವಾರ ನಡಿಗೆ ಇಟ್ಟುಕೊಂಡೆವು. ಬಂಗಾರಪೇಟೆಯಿಂದ ಬಸ್ಸು ಹಿಡಿದು ಬೂದಿಕೋಟೆಯಲ್ಲಿ ಇಳಿಯುವುದು, ಮಾವಿನ ತೋಪುಗಳ ಒಳಗೇ ನಡೆದು ಹಳ್ಳ ದಾಟಿ, ಕೆರೆಯ ಹಿಂದಿನ ಜೌಗಿನಲ್ಲಿ ಹಕ್ಕಿ ನೋಡಿಕೊಂಡು ಸಂಜೆಗೆ ವಾಪಸಾಗುವುದು. ದಾರಿಯುದ್ದಕ್ಕೂ ನಗುತ್ತ, ಚಿತ್ರಾನ್ನದ ಡಬ್ಬಿ ಬದಲಾಯಿಸಿಕೊಳ್ಳುತ್ತ ಬಂದೆವು. ಜೌಗಿನ ಅಂಚಿಗೆ ಬಂದಾಗ ಗಾಳಿ ತಿರುಗಿತು. ಉಳಿದವರು ಸೆರಗನ್ನು ಮೂಗಿಗೆ ಹಿಡಿದರು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. "ಏನ್ ಮೇಡಂ, ಕಾಲ್ ನೋವಾ?" ಎಂದರು ಯಾರೋ. ಹೌದೆಂದೆ. ಇಷ್ಟು ಹತ್ತಿರದಲ್ಲೇ ಬದುಕಿದ್ದರೂ ಆ ಜಾಗಕ್ಕೆ ನಾನು ಕಾಲಿಟ್ಟು ನಲವತ್ತು ವರ್ಷವಾಗಿತ್ತು.

ಆ ಕೆರೆಯಿಂದ ಕೂಗಳತೆಯಲ್ಲಿ ನಮ್ಮ ಅಜ್ಜಿಯ ಮನೆ ಇತ್ತು. ಅಪ್ಪ ಆಗ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ, ಭೂಮಿಯೊಳಕ್ಕೆ ಇಳಿಯುವ ಕೆಲಸದಲ್ಲಿದ್ದರು. ಬೇಸಿಗೆಯಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ದಿಬ್ಬದ ಬೂದು ಮಣ್ಣು ನಮ್ಮ ಸಾಲುಮನೆಯ ಅನ್ನದ ತಟ್ಟೆಗೂ ಬಂದು ಬೀಳುತ್ತಿತ್ತು. ಆದ್ದರಿಂದ ಶಾಲೆ ಮುಚ್ಚಿದ ಮಾರನೆಯ ದಿನವೇ ಅಮ್ಮ ನನ್ನನ್ನು ಅಜ್ಜಿಯ ಊರಿಗೆ ಕಳಿಸಿಬಿಡುತ್ತಿದ್ದಳು. ಆ ಮನೆಯ ತಂಪನ್ನು ಹೇಗೆ ಹೇಳಲಿ? ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಇದ್ದರೆ ಹೇಳುವ ಅಗತ್ಯವಿಲ್ಲ. ಸಗಣಿ ಸಾರಿಸಿದ ನೆಲ, ಮೂಲೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ, ಹಟ್ಟಿಯಿಂದ ಬರುವ ಎಳೆಗರುವಿನ ಬಿಸಿ ಉಸಿರು, ಮತ್ತು ಮಲಗಿದರೆ ಬೆನ್ನಿಗೆ ಹಸಿರು ವಾಸನೆ ಮೆತ್ತುವ ಹೊಸ ಜೊಂಡಿನ ಚಾಪೆ. ಆ ಚಾಪೆಗಳನ್ನು ಹೆಣೆಯುತ್ತಿದ್ದವಳು ಅಪ್ಪನ ತಂಗಿ, ನನ್ನ ರತ್ನತ್ತೆ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಿರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದಳು. ಅದು ಯಾರಿಗೂ ವಿಚಿತ್ರ ಎನಿಸುತ್ತಿರಲಿಲ್ಲ, ನನಗೂ ಕೂಡ.

ಅವಳು ಯಜಮಾನಿಯಾಗುತ್ತಿದ್ದುದು ವರ್ಷಕ್ಕೊಂದೇ ದಿನ. ಕೆರೆಯ ನೀರು ಇಳಿದು ಜೌಗು ತೆರೆದುಕೊಂಡಾಗ ಚಾಪೆಗೆ ಜೊಂಡು ತರಲು ಮನೆಯವರು, ಅಕ್ಕಪಕ್ಕದ ಹೆಂಗಸರು, ಮಕ್ಕಳು ಎಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಅಂದು ಮುಂದೆ ನಡೆಯುವವಳು ಅತ್ತೆ. ಮೂರು ತೋಪು ದಾಟುವಾಗ ತೋಪಿನ ನ್ಯಾಯ ಹೇಳುತ್ತಿದ್ದಳು: "ಕೆಳಗೆ ಬಿದ್ದಿದ್ದು ಆಯ್ಕಳಿ, ಕೊಂಬೇಲಿರೋದು ಅವರದು. ಕೈ ಆಕ್ಬೇಡಿ." ಹಳ್ಳದಲ್ಲಿ ಮೊಣಕಾಲುದ್ದ ನೀರು, ತಳದ ಮರಳು ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಜೌಗಿಗೆ ಬಂದ ಮೇಲಂತೂ ಸ್ವಂತ ತಮ್ಮನಾದ ಚಿಕ್ಕಪ್ಪ ಕೂಡ ಅವಳು ಹೇಳಿದ ಹಾಗೆ ಕೇಳಬೇಕು. "ನಾನು ಕಾಲಿಕ್ಕಿದ ಕಡೇನೇ ಕಾಲಿಕ್ಕಿ. ಅಸ್ರು ಕಂಡಿದ್ದೆಲ್ಲ ನೆಲ ಅಲ್ಲ, ತಿಳೀತಾ?" ಎನ್ನುತ್ತ ಸೀರೆ ಮೇಲೆತ್ತಿ ಕಟ್ಟಿ, ಕುಡುಗೋಲು ಹಿಡಿದು, ಅಲ್ಲಲ್ಲಿ ಗಟ್ಟಿ ನೆಲ ಹುಡುಕುತ್ತ ಹೋಗುವ ಅವಳ ಹಿಂದೆ ನಾವು ಬಾತುಮರಿಗಳಂತೆ ಸಾಲಾಗಿ ನಡೆಯುತ್ತಿದ್ದೆವು. ಅವಳು ಬಾಯಿಬಿಟ್ಟು ನಕ್ಕಿದ್ದನ್ನು ನಾನು ನೋಡಿದ್ದು ಆ ಕೆಸರಿನಲ್ಲಿ ಮಾತ್ರ.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಿಗೆ ಅದು. ಜೊಂಡು ಕೊಯ್ದು ವಾಪಸು ಬರುವಾಗ ಹಳ್ಳದ ದಡದಲ್ಲಿ ಹೊರೆಗಳನ್ನಿಳಿಸಿ ಎಲ್ಲರೂ ಬುತ್ತಿ ಬಿಚ್ಚಿದರು. ದಡಕ್ಕೇ ಅಂಟಿಕೊಂಡಿದ್ದ ತೋಪಿನಲ್ಲಿ ರಸಪುರಿಯ ಒಂದು ಕೊಂಬೆ ನನ್ನ ಕೈಗೆಟಕುವಷ್ಟು ಬಾಗಿತ್ತು. ಐದು ಹಣ್ಣು ಕಿತ್ತೆ. ಒಂದನ್ನು ಅಲ್ಲೇ ಕಚ್ಚಿ ತಿಂದೆ. ಉಳಿದ ನಾಲ್ಕನ್ನು, ಯಾರೂ ನೋಡದಾಗ, ಅತ್ತೆಯ ಹೊರೆಯ ನಡುವೆ ತೂರಿಸಿಟ್ಟೆ. ಅವಳ ಹೊರೆ ಎಲ್ಲಕ್ಕಿಂತ ದೊಡ್ಡದು, ಅದಕ್ಕೇ.

ತೋಪಿನ ಕೊನೆಯಲ್ಲಿ ತೋಟದ ಯಜಮಾನರು ನಿಂತಿದ್ದರು. ಆ ವರ್ಷ ಕಾವಲಿನ ಕೆಲಸಕ್ಕೆ ತನ್ನನ್ನು ಇಟ್ಟುಕೊಳ್ಳಿ ಎಂದು ಚಿಕ್ಕಪ್ಪ ಅವರ ಹಿಂದೆ ಬಿದ್ದಿದ್ದರು. ಆದ್ದರಿಂದ ಅವರನ್ನು ಕಂಡ ಕೂಡಲೇ ಚಿಕ್ಕಪ್ಪನ ಹೆಗಲ ಟವೆಲ್ ಕೈಗೆ ಬಂತು. "ಹೊರೆ ಇಳಿಸ್ರಮ್ಮ, ನೋಡಣ," ಎಂದರು ಯಜಮಾನರು. ಅತ್ತೆ ಇಳಿಸಿದಳು. ಕಟ್ಟು ಬಿಚ್ಚಿದ್ದೇ ನಾಲ್ಕೂ ಹಣ್ಣು ಉರುಳಿ ಬಂದವು, ಹಸಿ ತೊಟ್ಟಿನ ಸಮೇತ. ಬಿದ್ದ ಹಣ್ಣೆಂದು ಹೇಳುವಂತೆಯೇ ಇರಲಿಲ್ಲ. ಅತ್ತೆ ಅವನ್ನು ಮೊದಲ ಸಲ ನೋಡುತ್ತಿದ್ದಳು. ತಲೆಯೆತ್ತಿ ಒಬ್ಬೊಬ್ಬರೇ ಮಕ್ಕಳ ಮುಖ ನೋಡುತ್ತ ಬಂದಳು. ನನ್ನ ಮುಖದ ಹತ್ತಿರ ಅವಳ ಕಣ್ಣು ನಿಂತಿತು.

"ನಾನೇ ಕಿತ್ತಿದ್ದು ಸ್ವಾಮಿ. ಮಕ್ಕಳು ಆಸೆ ಪಟ್ಟೋ, ತಪ್ಪಾಯ್ತು," ಎಂದಳು.

ಯಜಮಾನರು ಚಿಕ್ಕಪ್ಪನ ಕಡೆ ತಿರುಗಿ, "ಇಂಥ ಮನೇಯೋನ್ನ ಕಾವಲಿಗಿಟ್ಕಂಡ್ರೆ ಮುಗೀತು," ಎಂದು ನಕ್ಕರು. ಚಿಕ್ಕಪ್ಪ ಎರಡು ಹೆಜ್ಜೆ ಮುಂದೆ ಬಂದು ಅಕ್ಕನ ಕೆನ್ನೆಗೆ ಹೊಡೆದರು. ಊರ ಹೆಂಗಸರ ಮುಂದೆ, ಮಕ್ಕಳ ಮುಂದೆ. ಅತ್ತೆಯ ತಲೆಯ ಮೇಲಿನ ಸಿಂಬಿ ಕೆಳಗೆ ಬಿತ್ತು. ಅವಳು ಬಗ್ಗಿ ಅದನ್ನೆತ್ತಿ, ಜೊಂಡನ್ನು ಮತ್ತೆ ಕಟ್ಟಿ, ಹೊತ್ತುಕೊಂಡು ಮನೆಯವರೆಗೂ ಬಂದಳು. ಮಕ್ಕಳಿಗೆಲ್ಲ ಮುದ್ದೆ ಬಡಿಸಿದಳು. ನನಗೂ ಬಡಿಸಿದಳು. ಬೆಳಗಾದಾಗ ಮೊದಲ ಬಸ್ಸು ಹತ್ತಿ ಹೊರಟುಹೋಗಿದ್ದಳು.

ಎರಡು ತಿಂಗಳಾದ ಮೇಲೆ ಅವಳು ಕ್ಯಾಸಂಬಳ್ಳಿಯಲ್ಲಿ ತರಕಾರಿ ಮೂಟೆ ಕಟ್ಟುವ ಕೂಲಿಗೆ ಹೋಗುತ್ತಿದ್ದಾಳೆಂದು ತಿಳಿದು ಅಪ್ಪ ಕರೆತರಲು ಹೋದರು. ಒಬ್ಬರೇ ವಾಪಸು ಬಂದು, ಅವಳು ಹೇಳಿದ್ದನ್ನು ಅಮ್ಮನಿಗೆ ಹೇಳಿದರು: "ಒಡೆದಿದ್ಕಲ್ಲ ಕಣಣ್ಣ. ಅಷ್ಟು ಜನ ಇದ್ರಲ್ಲ, ಒಬ್ರಾದ್ರೂ 'ನೀನು ಕಿತ್ತಿರಾಕಿಲ್ಲ ಬಿಡು' ಅನ್ಲಿಲ್ಲ." ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಗಲೂ ಹೇಳಲಿಲ್ಲ. ಟಿ.ಸಿ.ಎಚ್. ಓದುವಾಗ ಒಮ್ಮೆ ಧೈರ್ಯ ಮಾಡಿ ಅವಳ ಒಂದು ಕೋಣೆಯ ಮನೆಗೆ ಹೋದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು, "ಮೇಷ್ಟ್ರಾಗ್ತೀಯಂತೆ? ಆಗು ಆಗು," ಎಂದು ತಲೆ ಸವರಿದಳು. ಉಪ್ಪಿಟ್ಟು ತಿಂದು ಬಂದೆ. ಮುಂದಿನ ವರ್ಷ ಜ್ವರ ಬಂದು ಅವಳು ಸತ್ತಾಗ ಹೊತ್ತವರು ಪಕ್ಕದ ಮನೆಯ ತಮಿಳರು. ನಮಗೆ ಸುದ್ದಿ ಮುಟ್ಟಿದ್ದು ಮೂರು ದಿನ ಕಳೆದು.

ಅಜ್ಜಿ ಹೋದಳು, ಅಪ್ಪ ಹೋದರು, ಗಣಿ ಮುಚ್ಚಿತು. ಮನೆ ಇದ್ದ ಜಾಗದಲ್ಲಿ ಈಗ ಟೊಮ್ಯಾಟೊ ಕಡ್ಡಿಗಳು ಸಾಲಾಗಿ ನಿಂತಿವೆ. ಉಳಿದಿರುವವರು ಚಿಕ್ಕಪ್ಪ ಒಬ್ಬರೇ, ಮಗಳ ಮನೆಯಲ್ಲಿ, ಬಿದ್ದು ಸೊಂಟ ಮುರಿದುಕೊಂಡು. ನಡಿಗೆಯಿಂದ ಬಂದ ಮಾರನೆಯ ದಿನವೇ ಅವರ ಹತ್ತಿರ ಹೋದೆ. ಮಂಚದ ಪಕ್ಕ ಕೂತು, ಅಂದು ಹಣ್ಣು ಕಿತ್ತವಳು ನಾನು ಎಂದೆ. ನಲವತ್ತು ವರ್ಷದ ಮಾತು ಆಡಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವರು ಬೆಚ್ಚಲಿಲ್ಲ.

"ಗೊತ್ತಿತ್ತು ಕಣಮ್ಮ," ಎಂದರು. "ನಿನ್ ತುಟಿ ಮ್ಯಾಲೆ ಸೊನೆ ಸುಟ್ಟಿತ್ತು. ಆವತ್ತೇ ನೋಡ್ದೆ."

"ಮತ್ತೆ ಅವಳನ್ನ ಯಾಕೆ ಹೊಡೆದೆ ಚಿಕ್ಕಪ್ಪ?"

"ಆವಯ್ಯನ ಮುಂದೆ ಯಾರ್ನಾದ್ರೂ ಒಡೀಬೇಕಿತ್ತು. ನೀನು ಅಣ್ಣನ ಮಗಳು, ನಿನ್ನ ಒಡೆಯಾಕಾಗ್ತಿತ್ತಾ?" ಹೊದಿಕೆಯನ್ನು ಸೊಂಟದ ಮೇಲಕ್ಕೆ ಎಳೆದುಕೊಂಡರು. "ಅವಳಿಗಾದ್ರೆ ಯಾರಿದ್ರು ಏಳು."

ಚಿಕ್ಕಪ್ಪನ ಮಗಳು ಕಾಫಿ ತಂದಿಟ್ಟಳು. ನನಗೆ ಸಿಟ್ಟು ಬರಲಿಲ್ಲ, ಲೋಟ ಕೈಗೆತ್ತಿಕೊಂಡೆ. ಅವಳಿಗೆ ಯಾರಿದ್ದರು ಎಂಬುದಕ್ಕೆ ಉತ್ತರ ಇಷ್ಟೇ ಆಗಿತ್ತು: ನಾನಿದ್ದೆ. ಅವಳಿಂದ ಎರಡು ಮಾರು ದೂರದಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ನಾನಿದ್ದೆ.