ಅರ ಹಾಕಿದ ಚೊಂಬು

ಮೊನ್ನೆ ಹಾಸನದ ನಮ್ಮ ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ತಿಕ್ಕುತ್ತಿದ್ದೆ. ಹುಳಿಗೆ ಹಿತ್ತಾಳೆ ಬಿಡುವ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಹೊಳೆನರಸೀಪುರದಲ್ಲಿ ಜಯಮ್ಮ ದೊಡ್ಡಮ್ಮನ ಹಿತ್ತಲಲ್ಲಿರುತ್ತೇನೆ. ಒಳಗೆ ಮಗಳು ಪರೀಕ್ಷೆಗೆಂದು ಈಜಿಪ್ಟಿನ ಚರಿತ್ರೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಹತ್‌ಶೆಪ್ಸುತ್ ಅಂತ ಒಬ್ಬ ರಾಣಿ. ಆ ಹೆಸರಿಗೆ ನನ್ನ ನಾಲಿಗೆ ಈಗಲೂ ಎಡವುತ್ತದೆ, ನಗಬೇಡಿ.

ಗಂಡ ಸತ್ತಾಗ ಮಲಮಗ ಚಿಕ್ಕವನೆಂದು ರಾಜ್ಯ ನೋಡಿಕೊಳ್ಳಲು ಕೂತವಳು, ಕೊನೆಗೆ ತಾನೇ ಫೇರೋ, ಅಂದರೆ ಅಲ್ಲಿನ ದೊರೆ, ಆದಳಂತೆ. ವಿಗ್ರಹಗಳಲ್ಲಿ ಗಡ್ಡ ಬೇರೆ ಇಡಿಸಿಕೊಂಡಳಂತೆ! ದೂರದ ಪುಂಟ್ ದೇಶಕ್ಕೆ ಹಡಗು ಕಳಿಸಿ ಧೂಪದ ಗಿಡಗಳನ್ನು ಬೇರು ಸಮೇತ ತರಿಸಿದಳು, ಬೆಟ್ಟದ ಬುಡದಲ್ಲಿ ಭಾರಿ ಗುಡಿ ಕಟ್ಟಿಸಿದಳು. ಅವಳು ಸತ್ತು ಎಷ್ಟೋ ವರ್ಷವಾದ ಮೇಲೆ ಆ ಮಲಮಗ ಅವಳ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ. ಕೆತ್ತಿ ತೆಗೆದ ಗುರುತು ಹಿಡಿದೇ ವಿದ್ವಾಂಸರು ಅವಳನ್ನು ಮತ್ತೆ ಪತ್ತೆಮಾಡಿದರು. ಇಷ್ಟು ಕೇಳುವ ಹೊತ್ತಿಗೆ ನನ್ನ ಕೈ ಚೊಂಬಿನ ಮೇಲೆ ನಿಂತುಬಿಟ್ಟಿತ್ತು.

ಜಯಮ್ಮ ನಮ್ಮ ದೊಡ್ಡಪ್ಪನ ಎರಡನೆಯ ಹೆಂಡತಿ. ಮೊದಲನೆಯವರು ಕೆಂಪಮ್ಮ, ಸಣ್ಣ ವಯಸ್ಸಿಗೇ ತೀರಿಕೊಂಡವರು. ಈ ಚೊಂಬು ಕೆಂಪಮ್ಮ ತವರಿನಿಂದ ತಂದದ್ದು. ಕತ್ತಿನ ಕೆಳಗೆ ಅವರ ಹೆಸರು ಕೊರೆಸಿತ್ತು. ಮನೆಗೆ ಬಂದವರಿಗೆಲ್ಲ ದೊಡ್ಡಮ್ಮ ಅದರಲ್ಲೇ ನೀರು ಕೊಡಬೇಕು. ಸವತಿಯ ಹೆಸರನ್ನು ದಿನವೂ ಕೈಯಲ್ಲಿ ಹಿಡಿಯುವುದು ಹೊಸ ಸೊಸೆಗೆ ಸಂಕಟವೇ ಅಲ್ಲವೇ? ಒಂದು ದಿನ ಪಾತ್ರೆಗೆ ಹೆಸರು ಕೊರೆಯುವವನು ಬೀದಿಗೆ ಬಂದಾಗ, ಹೆಸರು ಅಳಿಸಿಕೊಡೆಂದು ಚೊಂಬು ಮುಂದಿಟ್ಟರಂತೆ.

“ಅರ ಆಕಿ ಉಜ್ಜುದ್ರೆ ಕಲೆ ಉಳೀತದೆ ಕಣವ್ವ.”

“ಕಲೆ ಉಳೀಲಿ, ಎಸ್ರು ಓಗ್ಲಿ.”

ಎಡವಟ್ಟಾದದ್ದೇ ಅಲ್ಲಿ. ಹೆಸರಿದ್ದಾಗ ಒಬ್ಬರೂ ಓದಿದವರಿಲ್ಲ, ಪಾತ್ರೆಯ ಮೇಲಿನ ಹೆಸರನ್ನು ಯಾರು ಓದುತ್ತಾರೆ! ಈಗ ನೀರು ಕುಡಿದವರೆಲ್ಲ, “ಇದ್ಯಾಕವ್ವ ಇಲ್ಲಿ ಸವೆದದೆ?” ಅನ್ನತೊಡಗಿದರು. ಸುಳ್ಳು ಹೇಳಲು ಬಾರದ ದೊಡ್ಡಮ್ಮ “ನಮ್ಮಕ್ಕನ ಎಸ್ರಿತ್ತು” ಅನ್ನುತ್ತಿದ್ದರು. ಯಾವ ಅಕ್ಕ, ಹೇಗಿದ್ದಳು ಎಂದು ಬಂದವರು ಕೇಳುತ್ತಿದ್ದರು. ಅದಕ್ಕೆ ಉತ್ತರಿಸಲೆಂದೇ ದೊಡ್ಡಮ್ಮ ತಮ್ಮ ಅತ್ತೆಯನ್ನು ಕೇಳಿ ತಿಳಿದುಕೊಂಡರು: ಕೆಂಪಮ್ಮ ರಾಗಿ ಬೀಸುತ್ತಾ ಹಾಡುತ್ತಿದ್ದದ್ದು, ಬೆಕ್ಕು ಕಂಡರೆ ಹೆದರುತ್ತಿದ್ದದ್ದು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ, ಕಣ್ಣಲ್ಲೇ ನೋಡದ ಆ ಹೆಂಗಸನ್ನು ದೊಡ್ಡಮ್ಮ ಒಡಹುಟ್ಟಿದವಳಂತೆ ನೆನೆಯುತ್ತಿದ್ದರು. ಹಿರಿಯರಿಗೆ ಎಡೆ ಇಡುವಾಗ ಮೊದಲ ಎಲೆ ಅವಳದೇ.

ಹೋದ ಯುಗಾದಿಗೆ ಚೊಂಬನ್ನು ನನ್ನ ಕೈಗಿಟ್ಟು, “ನಾನು ಓದ್ಮೇಲೆ ನಮ್ಮಕ್ಕನ್ನ ನೆನೆಯೋರು ಯಾರವ್ರೆ? ನೀನಾದ್ರೂ ಇಟ್ಕೊಳೆ” ಅಂದಿದ್ದರು. ಕಣ್ಣು ತುಂಬಿತ್ತು.

ಮೊನ್ನೆ ಮಗಳ ಓದು ಕೇಳಿದ ಸಂಜೆಯೇ ದೊಡ್ಡಮ್ಮನಿಗೆ ಫೋನು ಮಾಡಿ ಫೇರೋ ಕತೆ ಹೇಳಿದೆ. ರಾಣಿಯ ಪ್ರತಾಪಕ್ಕೆಲ್ಲ ಬರೀ ಹೂಂಗುಟ್ಟಿದರು. ಮಲಮಗನ ಸಂಗತಿ ಬಂದಾಗ ಮಾತ್ರ, “ಪಾಪ, ಅವುನ್ಗೂ ನೆಮ್ಮದಿ ಇರ್ನಿಲ್ವೇನೋ” ಅಂದರು.

“ದೊಡ್ಡಮ್ಮ, ಇಲ್ಲಿ ಮಿಷನ್ನಿನಲ್ಲಿ ಚೆನ್ನಾಗಿ ಕೊರೀತಾರೆ. ಕೆಂಪಮ್ಮನ ಹೆಸರು ಮತ್ತೆ ಹಾಕಿಸಲಾ?”



“ಬ್ಯಾಡ ಕಣೆ. ಎಸ್ರು ಆಕುಸ್ಬುಟ್ರೆ ಯಾರೂ ಕೇಳಾಕಿಲ್ಲ.”

ಚೊಂಬು ತೊಳೆದು ನೀರು ತುಂಬಿದೆ. ಸವೆದ ಕಡೆ ಬಾಗಿಲಿಗೆ ಮುಖವಾಗುವಂತೆ ತಿರುಗಿಸಿ ಇಟ್ಟೆ.